ಕುದುರೆ ನಿಲ್ಲಿಸಿದ ಪಣಜಿಯ ಹೆಸರು

ವಂಶದ ಬಗ್ಗೆ ಅಭಿಮಾನವಿಲ್ಲದ ಮನುಷ್ಯನನ್ನು ನಾನು ನಮ್ಮ ಸೀಮೆಯಲ್ಲಿ ಇನ್ನೂ ಕಂಡಿಲ್ಲ. ವಂಶದ ಬಗ್ಗೆ ಏನಾದರೂ ಗೊತ್ತಿರುವವನನ್ನೂ ಕಂಡಿಲ್ಲ. ಇದನ್ನು ಅಂದಾಜಿನ ಮೇಲೆ ಹೇಳುತ್ತಿಲ್ಲ, ಉದ್ಯೋಗದ ಬಲದ ಮೇಲೆ ಹೇಳುತ್ತಿದ್ದೇನೆ. ನಾನು ವಿಮಾ ಏಜೆಂಟ. ಮನೆ ಚಿಕ್ಕೋಡಿಯಲ್ಲಿ, ಬದುಕು ಸ್ಕೂಟರಿನ ಮೇಲೆ. ನಿಪ್ಪಾಣಿಯ ತಂಬಾಕಿನ ವಖಾರಿಗಳಿಂದ ಹಿಡಿದು ಅಥಣಿಯ ದ್ರಾಕ್ಷಿ ತೋಟಗಳ ತನಕ ಜನರನ್ನು ಕೂರಿಸಿಕೊಂಡು ಫಾರ್ಮು ತುಂಬಿಸುವುದು ನನ್ನ ಕೆಲಸ. ಆ ಫಾರ್ಮಿನಲ್ಲಿ ‘ಕುಟುಂಬದ ಇತಿಹಾಸ’ ಎಂದೊಂದು ಕಾಲಮು ಇರುತ್ತದೆ. ತಂದೆ ಎಷ್ಟನೇ ವಯಸ್ಸಿಗೆ, ಯಾವ ಕಾರಣದಿಂದ ತೀರಿಕೊಂಡರು ಎಂದು ಕೇಳಿದ ಕೂಡಲೇ ಗಿರಾಕಿ ನೆಟ್ಟಗೆ ಕೂರುತ್ತಾನೆ. ಅವನ ತಂದೆ, ಅಜ್ಜ, ಮುತ್ತಜ್ಜ ಯಾರೂ ಸಾದಾ ಜ್ವರ ಬಂದು ಸತ್ತವರಲ್ಲ. ಹುಲಿ ಹೊಡೆದವರು, ಎರಡು ಚೀಲ ಜೋಳವನ್ನು ಒಂದೇ ಸಲ ಹೊತ್ತವರು, ಸಂಸ್ಥಾನದ ದೊರೆಗೆ ಎದುರು ಮಾತಾಡಿದವರು. ನಾನು ಸುಮ್ಮನೆ ಬರೆದುಕೊಂಡು ತಾಯಿಯ ಕಾಲಮಿಗೆ ಬರುತ್ತೇನೆ. ಆಗ ಅದೇ ಗಿರಾಕಿ ಅಡುಗೆಮನೆಯ ಕಡೆ ತಿರುಗಿ, ಅವ್ವನಿಗೆ ಏನಾಗಿತ್ತು ಎಂದು ತನ್ನ ಹೆಂಡತಿಯನ್ನು ಕೇಳುತ್ತಾನೆ.

ನಾನು ಇಂಥವರನ್ನು ನೋಡಿ ಒಳಗೊಳಗೇ ನಗುತ್ತಿದ್ದೆ. ನಗುವ ಹಕ್ಕು ನನಗಿದೆ ಎಂದೇ ತಿಳಿದಿದ್ದೆ. ಏಕೆಂದರೆ ನಮ್ಮ ಮನೆತನದ ಅಭಿಮಾನ ಗಂಡಸಿನದಲ್ಲ, ಹೆಂಗಸಿನದು. ನಾವು ಮೂಲತಃ ಬೇಡಕಿಹಾಳದವರು. ನನ್ನ ಅಜ್ಜನ ತಾಯಿ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಪಣಜಿ, ಬ್ರಿಟಿಷರ ಕಾಲದಲ್ಲಿ ಕಲೆಕ್ಟರ್ ಸಾಹೇಬನ ಕುದುರೆಯನ್ನು ನಡುದಾರಿಯಲ್ಲಿ ತಡೆದು ನಿಲ್ಲಿಸಿದವಳು. ಈ ‘ಪಣಜಿ’ ಎಂಬುದು ಮರಾಠಿಯಿಂದ ನಮ್ಮ ಮನೆಯೊಳಗೆ ಬಂದು ಕೂತ ಮಾತು. ಪಣಜಿಯ ಮೂಲ ಶೋಧಿಸುತ್ತಿದ್ದೇನೆ ಎಂದು ಒಮ್ಮೆ ಮೈಸೂರು ಕಡೆಯ ಗೆಳೆಯನಿಗೆ ಪತ್ರ ಬರೆದರೆ, ಆತ ಗೋವಾಕ್ಕೆ ಹೋಗುವ ಬಸ್ಸುಗಳ ವೇಳೆಯನ್ನು ವಿವರವಾಗಿ ಬರೆದು ಕಳಿಸಿದ್ದ. ಇರಲಿ. ನನ್ನ ಅಪ್ಪ ಹೇಳುತ್ತಿದ್ದ ಪ್ರಕಾರ ಪಣಜಿ ಕೈ ಎತ್ತಿದಳು, ಕುದುರೆ ನಿಂತಿತು. ದೊಡ್ಡಪ್ಪನ ಪ್ರಕಾರ ಲಗಾಮು ಹಿಡಿದು ಜಗ್ಗಿದಳು, ಸಾಹೇಬ ಕೆಳಗೆ ಬಿದ್ದ. ನಿಪ್ಪಾಣಿಯ ಚಿಕ್ಕಪ್ಪನ ಮಕ್ಕಳು ಹೇಳುವುದರಲ್ಲಿ ಸಾಹೇಬ ಟೋಪಿ ತೆಗೆದು ಮರಾಠಿಯಲ್ಲಿ ಕ್ಷಮೆ ಕೇಳುತ್ತಾನೆ. ಸಾಹೇಬ ಈ ಬಗ್ಗೆ ವಿಲಾಯತಿಯ ರಾಣಿಗೆ ಒಂದು ಪತ್ರ ಬರೆದ ಎಂಬ ಭಾಗವನ್ನು ಮಾತ್ರ ನಾನೇ ಸೇರಿಸಿದ್ದು. ಪಾಲಿಸಿ ಮಾರುವಾಗ ಅದು ಉಪಯೋಗಕ್ಕೆ ಬರುತ್ತಿತ್ತು. ಕುದುರೆ ಬಿಳಿಯದು, ಅದರ ಹಿಂದಿನ ಬಲಗಾಲು ಕಪ್ಪು ಎಂಬುದರಲ್ಲಿ ಮನೆತನದ ಎಲ್ಲ ಶಾಖೆಗಳಿಗೂ ಒಮ್ಮತವಿತ್ತು. ಪಣಜಿಯ ಹೆಸರು ಏನೆಂದು ಮಾತ್ರ ಯಾರೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನನ್ನ ಮಗಳು ಜಯಶ್ರೀ ಅದಾಗಲೇ ಮೂರು ವರಗಳನ್ನು ಬೇಡವೆಂದಿದ್ದಳು. ಒಬ್ಬ ಬಂದವನು ತನ್ನ ಮೋಟರ್‌ಸೈಕಲ್ ಬಗ್ಗೆ ಒಂದು ತಾಸು ಮಾತಾಡಿ, ಹುಡುಗಿಯ ಬಗ್ಗೆ ಒಂದು ಮಾತೂ ಕೇಳದೆ ಒಪ್ಪಿಗೆ ಎಂದು ಹೇಳಿ ಕಳಿಸಿದ್ದ. ನಾಲ್ಕನೆಯವನು ಕಾಗವಾಡದ ಕಡೆಯ ಹುಡುಗ, ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಅವನು ಅರ್ಧ ಚಹಾ ಕುಡಿದು ಕಪ್ಪು ಕೆಳಗಿಟ್ಟ. ಸಕ್ಕರೆ ಹೆಚ್ಚಾಯಿತೇ ಎಂದು ನನ್ನ ಹೆಂಡತಿ ಕೇಳಿದಾಗ, ದಿನವಿಡೀ ಅದರ ವಾಸನೆಯಲ್ಲೇ ಇರುತ್ತೇನೆ, ಮನೆಯಲ್ಲಾದರೂ ಕಹಿ ಏನಾದರೂ ಸಿಗಲಿ ಎಂದು ದೇವರಿಗೆ ಬೇಡಿಕೊಳ್ಳುತ್ತೇನೆ ಎಂದ. ಬಾಗಿಲ ಹಿಂದೆ ನಿಂತಿದ್ದ ಜಯಶ್ರೀ ಜೋರಾಗಿ ನಕ್ಕಳು. ನಮ್ಮ ಮನೆಯಲ್ಲಿ ಒಪ್ಪಿಗೆ ಆದದ್ದು ಹಾಗೆ. ಆ ಮೇಲೆ ಅವಳು ಒಂದು ವಾರ ಯಾರ ಮೇಲೂ ಸಿಟ್ಟಾಗಲಿಲ್ಲ. ಅದು ನಮ್ಮ ಮನೆಗೆ ಹೊಸದು.

ಮಾತುಕತೆಗೆ ಕಾಗವಾಡಕ್ಕೆ ಹೋದೆವು. ಹುಡುಗನ ತಂದೆ ಸಾಧು ಮನುಷ್ಯ, ಮಾತಾಡುತ್ತಿರಲಿಲ್ಲ. ಅವರ ಪಾಲಿನ ಮಾತನ್ನೂ ಸೇರಿಸಿ ಮಾತಾಡುತ್ತಿದ್ದವನು ಅವರ ಅಣ್ಣ, ಎಲ್ಲರೂ ಕಾಕಾ ಎಂದು ಕರೆಯುತ್ತಿದ್ದ ಹಿರಿಯ. ಕಾಕಾ ತಮ್ಮ ಮನೆತನದ ಹಿರಿಮೆ ಹೇಳತೊಡಗಿದ. ಅರ್ಧ ತಾಸು ಕೇಳಿದೆ. ಎಷ್ಟೆಂದರೂ ಹೆಣ್ಣಿನ ತಂದೆ, ತಗ್ಗಿ ಕೂರಬೇಕಾದವನು. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ನಾನು ಕುದುರೆಯನ್ನು ಹೊರಗೆ ತೆಗೆದೆ. ಅಲಖನೂರಿನಿಂದ ನಮ್ಮ ಮನೆಗೆ ಸೊಸೆಯಾಗಿ ತಂದ ಹೆಣ್ಣು ಬೇಡಕಿಹಾಳದ ದಾರಿಯಲ್ಲಿ ಸಾಹೇಬನನ್ನು ಹೇಗೆ ನಿಲ್ಲಿಸಿದಳು ಎಂದು, ರಾಣಿಯ ಪತ್ರವನ್ನೂ ಬಿಡದೆ ಹೇಳಿದೆ. ಕಾಕಾನ ಮುಖ ಬದಲಾಯಿತು.

“ಅಲಖನೂರಾಕಿ ಅಂದ್ರಿ? ಕುದುರಿ ನಿಲ್ಲಿಸಿದಾಕಿ? ಆಕಿ ನಮ್ಮ ಪಣಜಿ ತಂಗಿರಿ,” ಎಂದ. “ನಮ್ಮ ಪಣಜೀನೂ ಅಲಖನೂರಾಕೀನ. ಹಂಗಿದ್ರ ನೀವು ನನಗ ತಮ್ಮ ಆದ್ರಿ.”

ಹೊಸ ಅಣ್ಣ ಸಿಕ್ಕ ಸಂತೋಷ ಅನುಭವಿಸುವ ಮೊದಲೇ ಇದರ ಅರ್ಥ ನನಗೆ ಹೊಳೆಯಿತು. ಅಕ್ಕತಂಗಿಯರ ಗಂಡುಮಕ್ಕಳು ಅಣ್ಣತಮ್ಮಂದಿರು. ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಅದೇ ಲೆಕ್ಕ. ಅಂದರೆ ಹುಡುಗ ನನ್ನ ಮಗಳಿಗೆ ಅಣ್ಣನಾದ. ನಮ್ಮ ಕಡೆ ಸೋದರಮಾವನಿಗೆ ಕೊಡಬಹುದು, ಅತ್ತೆಯ ಮಗನಿಗೆ ಕೊಡಬಹುದು, ಅಣ್ಣನಾಗುವವನಿಗೆ ಮಾತ್ರ ಮರ್ಯಾದಸ್ಥರಾದ ಯಾರೂ ಕೊಡುವುದಿಲ್ಲ. ಕಾಕಾ ತೀರ್ಪು ಕೊಟ್ಟುಬಿಟ್ಟ. ಮೂಲ ಶೋಧ ಮಾಡಿಕೊಂಡು ಬರಬೇಕು. ತಂಗಿಯಲ್ಲ ಎಂದಾದರೆ ಅಕ್ಷತೆ, ಹೌದೆಂದಾದರೆ ಚಹಾ ಕುಡಿದು ಎದ್ದುಬಿಡುವುದು. ಬಸ್ಸಿನಲ್ಲಿ ಬರುವಾಗ ನನ್ನ ಹೆಂಡತಿ ಕಿಟಕಿಯ ಹೊರಗಿನ ಕಬ್ಬಿನ ಗದ್ದೆಗಳಿಗೆ ಹೇಳುವವಳ ಹಾಗೆ, ಕುದುರೆಯ ಸುದ್ದಿ ತೆಗೆಯಬೇಡಿ ಎಂದು ಹೋಗುವಾಗಲೇ ಎರಡು ಸಲ ಹೇಳಿದ್ದನ್ನು ಮೂರನೆಯ ಸಲ ಹೇಳಿದಳು. ಮನೆಗೆ ಬಂದು ಸಂಗತಿ ತಿಳಿಸಿದಾಗ ಜಯಶ್ರೀ ಎದ್ದಳು. ಒಳಗೆ ಹೋಗಿ, ಒಣಗಿಸಿದ ಬಟ್ಟೆಗಳನ್ನು ಮಡಿಚಿ, ಮಡಿಚಿದ್ದನ್ನು ಬಿಚ್ಚಿ ಮತ್ತೆ ಮಡಿಚಿದಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಮಗಳ ಸುಖವನ್ನು ನನ್ನ ಬಾಯಿಯೇ ತಿಂದುಹಾಕಿತ್ತು.

ಮರುದಿನವೇ ಸ್ಕೂಟರ್ ಹೊರಗೆ ತೆಗೆದೆ. ಮೊದಲು ಕರೋಶಿ. ಅಲ್ಲಿ ನನ್ನ ಸೋದರತ್ತೆ, ಅಪ್ಪನ ಅಕ್ಕ, ಇದ್ದಳು. ನಮ್ಮ ಮನೆತನದಲ್ಲಿ ಪಣಜಿಯನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳು ಅವಳೊಬ್ಬಳೇ. ಪಣಜಿಗೆ ಎಲೆ ಅಡಿಕೆಯ ಚಟ ಇತ್ತು, ಎಡಗೈಯಲ್ಲಿ ಹಿಟ್ಟು ನಾದುತ್ತಿದ್ದಳು, ಗುಡುಗಿಗೆ ಹೆದರಿ ಕಂಬಳಿಯೊಳಗೆ ಸೇರಿಕೊಳ್ಳುತ್ತಿದ್ದಳು ಎಂದೆಲ್ಲ ಅತ್ತೆ ಹೇಳಿದಳು. ಕಲೆಕ್ಟರನಿಗೆ ಹೆದರದವಳು ಗುಡುಗಿಗೆ ಹೆದರುತ್ತಿದ್ದಳು ಎಂಬುದನ್ನು ನಮ್ಮ ಗಂಡಸರು ಯಾರೂ ನನಗೆ ಹೇಳಿರಲಿಲ್ಲ. ಹೆಸರು ಕೇಳಿದೆ. ಅತ್ತೆ ನನ್ನನ್ನು ತಲೆಕೆಟ್ಟವನನ್ನು ನೋಡುವ ಹಾಗೆ ನೋಡಿದಳು. “ನಾವು ಮೊಮ್ಮಕ್ಕಳು ಆಯಿ ಅಂತಿದ್ವಿ. ಊರಾನವ್ರು ಅಲಖನೂರಾಕಿ ಅಂತಿದ್ರು. ನಮ್ಮಜ್ಜ, ಆಕಿ ಗಂಡ, ‘ಏ, ಕೇಳಾಕತ್ತಿಯೇನ’ ಅಂತಿದ್ದ. ಮತ್ತ ಹೆಸರ ಯಾರಿಗಿ ಬೇಕಾಗಿತ್ತೋ ತಮ್ಮಾ?” ಎಂದಳು.

ಅಷ್ಟರಲ್ಲಿ ನನ್ನ ಅದೃಷ್ಟಕ್ಕೆ ಬೇಡಕಿಹಾಳಕ್ಕೆ ನಮ್ಮ ಹೆಳವ ಬಂದಿದ್ದಾನೆಂದು ಸುದ್ದಿ ಬಂತು. ಸುಗ್ಗಿ ಮುಗಿದ ಮೇಲೆ ಮನೆಮನೆಗೆ ಬಂದು, ವಂಶಾವಳಿಯನ್ನು ಹಾಡಿ ಹೇಳಿ, ಕಾಳು ಬಟ್ಟೆ ಪಡೆದು ಹೋಗುವವರು ಹೆಳವರು. ನಮ್ಮ ಹೆಳವನ ಅಪ್ಪ ಎತ್ತಿನ ಮೇಲೆ ಬರುತ್ತಿದ್ದ. ಇವನು ಮೋಪೆಡ್ಡಿನ ಮೇಲೆ ಬರುತ್ತಿದ್ದ. ಆದರೆ ವಂಶಾವಳಿ ಬರೆದಿಟ್ಟ ವಹಿ ಅದೇ ಹಳೆಯದು, ಕೆಂಪು ಬಟ್ಟೆಯಲ್ಲಿ ಸುತ್ತಿದ್ದು. ಅವನು ಗಂಟಲು ಸರಿಮಾಡಿಕೊಂಡು ಒಂಬತ್ತು ತಲೆಮಾರು ಹೇಳಿದ. ಯಾರಿಗೆ ಯಾರು ಮಗ, ಯಾರು ಪಾಲು ತೆಗೆದುಕೊಂಡು ಹೊರಗೆ ಹೋದ, ಯಾರು ದತ್ತಕ ಬಂದ, ಯಾರಿಗೆ ಆರು ಬೆರಳು, ಎಲ್ಲ ಇತ್ತು. ಪಣಜಿಯ ಗಂಡನ ಹೆಸರು ಬಂದಾಗ ನಾನು ತಡೆದೆ. “ಅಲಖನೂರ ಸಂಬಂಧ ಮಾಡಿದರು, ಒಂದ ಹೆಣ್ಣ ತಂದರು,” ಎಂದು ಓದಿದ. ಆ ಹೆಣ್ಣಿನ ಹೆಸರು ಓದು ಎಂದೆ. ಅಷ್ಟೇ ಬರೆದಿದೆ ಎಂದ. ಅದರ ಮುಂದಿನ ಸಾಲಿನಲ್ಲಿ ಏನೋ ಉದ್ದಕ್ಕೆ ಬರೆದಿದೆಯಲ್ಲ ಎಂದು ತೋರಿಸಿದೆ. ಆ ಮದುವೆಯ ಸಂತೋಷಕ್ಕೆ ಹೆಳವನ ಮುತ್ತಜ್ಜನಿಗೆ ನಮ್ಮವರು ಒಂದು ಎತ್ತು ಕೊಟ್ಟಿದ್ದರಂತೆ. ಎತ್ತಿನ ಹೆಸರು ಸರ್ಜಾ, ಬಣ್ಣ ಕೆಂದು, ಎಡಗೊಂಬು ಮುರುಕು. “ನಮ್ಮ ವಹಿಯೊಳಗ ಹೆಣ್ಣಮಕ್ಕಳ ಹೆಸರ ಬರ್ಯೂದಿಲ್ರಿ ಧಣ್ಯಾರ. ಅವ್ರ ಇಂದ ಇಲ್ಲಿರ್ತಾರ, ನಾಳೆ ಎಲ್ಲೆರ ಇರ್ತಾರ,” ಎಂದು ಹೆಳವ ಸಮಾಧಾನ ಹೇಳಿದ. ಎತ್ತು ಮಾತ್ರ ಒಂದೇ ಕಡೆ ಇರುತ್ತದೆಯೇ ಎಂದು ಕೇಳಬೇಕೆನಿಸಿತು. ಆದರೆ ಅವನು ಮುಂದಿನ ಮನೆಗೆ ಹೋಗುವ ಅವಸರದಲ್ಲಿದ್ದ.

ಇನ್ನು ಉಳಿದದ್ದು ಅಲಖನೂರು. ಊರ ಮುಂದಿನ ಕಟ್ಟೆಯ ಮೇಲೆ ಏಳೆಂಟು ಜನ ಕೂತಿದ್ದರು. ನಾನು ಸ್ಕೂಟರ್ ನಿಲ್ಲಿಸಿ, ಏಜೆಂಟನ ಗತ್ತಿನಲ್ಲಿ, ಬ್ರಿಟಿಷರ ಕಾಲದ ಒಬ್ಬ ಹೆಣ್ಣುಮಗಳ ತವರುಮನೆ ಹುಡುಕುತ್ತಿದ್ದೇನೆ ಎಂದೆ. ಹೆಸರು ಕೇಳಿದರು. ಹೆಸರು ಗೊತ್ತಿಲ್ಲ, ಆದರೆ ಬಹಳ ಪ್ರಸಿದ್ಧ ಹೆಂಗಸು, ಎಲ್ಲರೂ ಆಕೆಯನ್ನು ಅಲಖನೂರಾಕಿ ಎಂದೇ ಕರೆಯುತ್ತಿದ್ದರು ಎಂದೆ. ಒಬ್ಬ ಮುದುಕ ಬಹಳ ಮರ್ಯಾದೆಯಿಂದ, “ಸಾಹೇಬ್ರ, ಈ ಊರಾಗ ಹುಟ್ಟಿದ ಹೆಣ್ಣಮಕ್ಕಳೆಲ್ಲಾ ಅಲಖನೂರಾಕೀನ ಅದಾರ್ರಿ. ಯಾರನ್ನ ಕರೀಲಿ?” ಎಂದ. ಅವರು ನಕ್ಕದ್ದು ಎಷ್ಟು ಹೊತ್ತೆಂದರೆ, ನಾನು ಸ್ಕೂಟರನ್ನು ಸ್ಟ್ಯಾಂಡಿಗೆ ಹಾಕಿ, ಕನ್ನಡಕ ಒರೆಸಿಕೊಂಡು, ಮತ್ತೆ ಹಾಕಿಕೊಂಡರೂ ಮುಗಿದಿರಲಿಲ್ಲ. ಬೇಕಾದಷ್ಟು ಕಾಲ ನಗಲಿ ಎಂದು ಬಿಟ್ಟೆ. ಆ ಹೆಸರು ಗಂಡನ ಊರಿನಲ್ಲಿ ಮಾತ್ರ ನಡೆಯುವಂಥದು ಎಂಬ ಸಣ್ಣ ವಿಚಾರ ನಲವತ್ತೆಂಟು ವರ್ಷದ ನನಗೆ ದಾರಿಯುದ್ದಕ್ಕೂ ಹೊಳೆದಿರಲಿಲ್ಲವಲ್ಲ.

ನಗು ಮುಗಿದ ಮೇಲೆ ಅವರೇ ಉಪಾಯ ಹೇಳಿದರು. ಬೇಡಕಿಹಾಳದಿಂದ ಈ ಊರಿಗೆ ಬಂದ ಮುದುಕಿ ಒಬ್ಬಳಿದ್ದಾಳೆ, ಅವಳನ್ನು ಕೇಳಿ ಎಂದರು. ಆಕೆಯ ಹೆಸರೇನೆಂದು ಕೇಳಿದೆ. ಬೇಡಕಿಹಾಳಾಕಿ ಎಂದರು.

ಬೇಡಕಿಹಾಳಾಕಿಗೆ ಎಂಬತ್ತೈದರ ಆಚೆ ಈಚೆ ವಯಸ್ಸು. ಕಿವಿ ಚುರುಕಾಗಿತ್ತು. ನಾನು ಯಾರ ಮೊಮ್ಮಗ ಎಂದು ಕೇಳಿಕೊಂಡು, ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಅವಳು ಹತ್ತು ವರ್ಷದ ಹುಡುಗಿಯಾಗಿದ್ದಾಗ ಅವಳನ್ನು ಬೇಡಕಿಹಾಳದಲ್ಲಿ ನೋಡಿ ಮೆಚ್ಚಿ, ತನ್ನ ತವರಿಗೆ ಸೊಸೆಯಾಗಿ ತಂದವಳೇ ನನ್ನ ಪಣಜಿಯಂತೆ. ಪಣಜಿಯ ತಮ್ಮನ ಮಗನಿಗೆ ಇವಳನ್ನು ಕೊಟ್ಟಿದ್ದರು. ಪಣಜಿಗೆ ಅಕ್ಕ ಇದ್ದಳೇ, ಅವಳನ್ನು ಕಾಗವಾಡಕ್ಕೆ ಕೊಟ್ಟಿದ್ದರೇ ಎಂದು ಕೇಳಿದೆ. ಅವಳು ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಲೂ ಇಲ್ಲ.

“ನಾ ಈ ಮನಿಗಿ ಬಂದಾಗಿಂದ ಪಂಚಮಿಗಿ ಉಂಡಿ ಕಟ್ಟಿದಾಕಿ ನಾನೋ ಯಪ್ಪಾ. ಒಂದ ಬುಟ್ಟಿ ಬೇಡಕಿಹಾಳಕ್ಕ ಹೋಗ್ತಿತ್ತು. ಕಾಗವಾಡಕ್ಕ ಒಂದ ಉಂಡೀನೂ ಹೋಗಿಲ್ಲ. ಅಕ್ಕ ಇದ್ದಿದ್ರ ಬುಟ್ಟಿ ಎರಡ ಆಗ್ತಿರಲಿಲ್ಲೇನ?”

ನಾಗರಪಂಚಮಿಗೆ ತವರಿನಿಂದ ಉಂಡಿ ಹೋಗದ ಮಗಳು ನಮ್ಮ ಸೀಮೆಯಲ್ಲಿ ಇಲ್ಲ. ಬರ ಬರಲಿ, ಪ್ಲೇಗು ಬರಲಿ, ಬುಟ್ಟಿ ಹೋಗಲೇಬೇಕು. ಗಂಡಸರು ಒಂಬತ್ತು ತಲೆಮಾರಿನ ವಹಿಯಲ್ಲಿ ಬರೆಯದೆ ಬಿಟ್ಟದ್ದನ್ನು ಹೆಂಗಸರು ಎಳ್ಳು, ಶೇಂಗಾ, ರವೆಯಲ್ಲಿ ಉಂಡಿ ಕಟ್ಟಿ ಇಟ್ಟಿದ್ದರು. ಮುದುಕಿ ಒಂದೊಂದೇ ಹೇಳಿದಳು. ಪಣಜಿಗೆ ಶೇಂಗಾ ಉಂಡಿ ಆಗುತ್ತಿರಲಿಲ್ಲ, ಅವಳ ಬುಟ್ಟಿಗೆ ಎಳ್ಳಿನವೇ ಆಗಬೇಕಿತ್ತು. ಕುದುರೆಯ ಮೇಲೆ ಸಾಹೇಬ ಇರಲೇ ಇಲ್ಲ. ಅದು ಸಾಹೇಬನ ಡೇರೆಯಿಂದ ಬಿಡಿಸಿಕೊಂಡು ಬಂದು ಅವಳ ಮೆಣಸಿನ ಸಸಿ ತಿನ್ನುತ್ತಿತ್ತು. ಅವಳು ಹಿಡಿದು ಕೊಟ್ಟಿಗೆಯಲ್ಲಿ ಕಟ್ಟಿ, ಬೈಯುತ್ತಲೇ ನೀರು ಕುಡಿಸಿ, ಸಿಪಾಯಿ ಬಂದಾಗ ಬಿಟ್ಟುಕೊಟ್ಟಳು. ಮರುದಿನ ಅದು ತಾನಾಗಿಯೇ ನೀರಿಗೆ ಬಂದಿತ್ತಂತೆ. ಕಡೆಗೆ ನಾನು ಹೆಸರು ಕೇಳಿದೆ. ಬೇಡಕಿಹಾಳದಲ್ಲಿ ಮದುವೆಯ ದಿನ ಅಕ್ಕಿಯ ತಾಟಿನಲ್ಲಿ ಉಂಗುರದಿಂದ ಬರೆದು ಇಟ್ಟ ಹೊಸ ಹೆಸರು ಅವಳಿಗೆ ಗೊತ್ತಿರಲಿಲ್ಲ. “ನೀವು ಏನ ಇಟ್ಟಿದ್ರೋ ನಿಮಗ ಗೊತ್ತು. ಈ ಮನ್ಯಾಗ ಆಕಿ ಗಂಗವ್ವ. ‘ನಮ್ಮ ಗಂಗವ್ವನ ಬುಟ್ಟಿ’ ಅಂತಿದ್ಲು ನಮ್ಮತ್ತಿ,” ಎಂದಳು. ಅಷ್ಟು ಸಣ್ಣ ಹೆಸರು. ನೂರು ವರ್ಷ ಅವಳ ಹೆಸರಿಲ್ಲದೆ ಅವಳ ಕುದುರೆಯ ಮೇಲೆ ಕೂತು ಸವಾರಿ ಮಾಡಿದ್ದೆವು.

ಕಾಗವಾಡದಲ್ಲಿ ಕಾಕಾ ಉಂಡಿಯನ್ನು ಪುರಾವೆಯೆಂದು ಒಪ್ಪಲಿಲ್ಲ. ಕಾಗದ ಎಲ್ಲಿದೆ, ಸಹಿ ಎಲ್ಲಿದೆ ಎಂದ. ಆಗ ಒಳಗಿನಿಂದ ಅವನ ತಾಯಿ ಗೋಡೆ ಹಿಡಿದುಕೊಂಡು ಬಂದಳು. ನಿಮ್ಮ ಅತ್ತೆಯ ಅತ್ತೆಗೆ, ಅಂದರೆ ಕಾಕಾನ ಪಣಜಿಗೆ, ಪಂಚಮಿಯ ಬುಟ್ಟಿ ಎಲ್ಲಿಂದ ಬರುತ್ತಿತ್ತು ಎಂದು ನನ್ನ ಹೆಂಡತಿಯೇ ಅವಳನ್ನು ಕೇಳಿದಳು. “ಉಗಾರದಿಂದವಾ. ರವಾ ಉಂಡಿ. ಕಲ್ಲಿನಂಥಾವು,” ಎಂದಳು ಮುದುಕಿ. ಹಾಗಾದರೆ ಅಲಖನೂರು ಎಲ್ಲಿಂದ ಬಂತು ಎಂದು ಎಲ್ಲರೂ ಕಾಕಾನ ಕಡೆ ನೋಡಿದರು. ಕಾಕಾ ಶಲ್ಯ ಕೊಡವಿಕೊಂಡು, ಹಿರಿಯರು ಹಾಗೆ ಹೇಳುತ್ತಿದ್ದ ನೆನಪು ಎಂದ. ನನಗೆ ಅರ್ಥವಾಯಿತು. ಅವನ ಮನೆತನದಲ್ಲಿ ಕುದುರೆ ಇರಲಿಲ್ಲ. ನನ್ನದು ಕಂಡ ಕೂಡಲೇ ಅರ್ಧ ಪಾಲು ಕೇಳಿದ್ದ. ಅದಕ್ಕೆ ಅವನನ್ನು ಬೈಯುವ ಯೋಗ್ಯತೆ ರಾಣಿಗೆ ಪತ್ರ ಬರೆಸಿದ ನನಗಿರಲಿಲ್ಲ. ಅಕ್ಷತೆಯ ದಿನ ಗೊತ್ತಾಯಿತು. ಹುಡುಗಿಯ ಹೆಸರು ಬದಲಿಸುವುದು ಬೇಡ, ಜಯಶ್ರೀ ಎಂಬುದೇ ನನಗೆ ರೂಢಿಯಾಗಿದೆ ಎಂದ ಹುಡುಗ. ಯಾವಾಗ ರೂಢಿಯಾಯಿತು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಗೆದ್ದ ಉತ್ಸಾಹದಲ್ಲಿ ನಾನು ದೊಡ್ಡ ಡ್ರಾಯಿಂಗ್ ಹಾಳೆ ತಂದು, ಹೆಂಗಸರ ಹೆಸರೂ ಇರುವ ವಂಶಾವಳಿ ಬರೆಯಲು ಕೂತೆ. ಮೇಲ್ಗಡೆ ಗಂಗವ್ವನ ಹೆಸರನ್ನು ಕೆಂಪು ಮಸಿಯಲ್ಲಿ ಬರೆದೆ. ಅವಳ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಂದು ಇಳಿಯುತ್ತ ಮೂರು ದಿನಕ್ಕೆ ನಮ್ಮ ಮನೆಯ ತನಕ ಬಂದೆ. ಹೆಣ್ಣುಮಕ್ಕಳ ಹೆಸರನ್ನು ಅಳಿಸಿಹಾಕಿದ ನಮ್ಮ ಸಮಾಜದ ಬಗ್ಗೆ ಬರೆಯುತ್ತಲೇ ಒಂದು ಸಣ್ಣ ಭಾಷಣವನ್ನೂ ಮಾಡಿದೆ. ನನ್ನ ಹೆಂಡತಿ ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. ನನ್ನ ಹೆಸರಿನ ಪಕ್ಕದ ಚೌಕದಲ್ಲಿ ಶೋಭಾ ಎಂದು ಬರೆಯಲು ಹೊರಟಾಗ ಅವಳು ತಲೆ ಎತ್ತದೆ, “ಅದು ನೀವು ಇಟ್ಟದ್ದು. ನನ್ನ ಹೆಸರ ಬರೀರಿ,” ಎಂದಳು.

ಪೆನ್ನು ಅಲ್ಲೇ ನಿಂತಿತು. ಅವಳ ಅಣ್ಣಂದಿರು ತಾಯಕ್ಕ ಎಂದು ಕರೆಯುತ್ತಾರೆ. ಅದು ಹೆಸರಲ್ಲ, ಕೂಗುವ ಮಾತು. ಅವಳ ಹೆಸರು ಎಂದೋ ಕಳೆದುಹೋದ ನಮ್ಮ ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿತ್ತು, ಮದುವೆಗೆ ಮೊದಲು ಅದನ್ನು ನಾನು ಯಾರಿಗೂ ಕಾಣದಂತೆ ಹತ್ತಾರು ಸಲ ಓದಿದ್ದೆ, ಓದಿದಾಗ ಎದೆ ಹೊಡೆದುಕೊಂಡದ್ದೂ ನೆನಪಿದೆ. ಹೆಸರು ಮಾತ್ರ ನೆನಪಾಗಲಿಲ್ಲ. ಅವಳು ಅಕ್ಕಿಯೊಳಗಿನ ಒಂದು ಕಲ್ಲು ಆರಿಸಿ ಹೊರಗೆಸೆದಳು.

“ನಾಲ್ಕ ಊರ ತಿರುಗಿ ಸತ್ತಾಕಿ ಹೆಸರ ತಂದ್ರಿ. ನಾ ಇನ್ನೂ ಅದೀನಿ. ನನ್ನ ತವರ ರಾಯಬಾಗ ಏನ ದೂರಿಲ್ಲ, ಹೋಗಿ ಕೇಳಿ ಬರ್ರಿ,” ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಹೋದೆ. ಮಗಳ ಮದುವೆಗೆ ಕರೆಯುವ ನೆವ ಇತ್ತು. ಅಳಿಯ ಬಂದನೆಂದು ಸಿಹಿಗೆ ಸಜ್ಜಕ ಮಾಡಿದರು, ಎರಡು ಸಲ ಚಹಾ ಕೊಟ್ಟರು. ಅವಳ ಇಬ್ಬರು ಅಣ್ಣಂದಿರೂ ಎದುರಿಗೇ ಕೂತಿದ್ದರು. ಊರೂರಿನ ಕಟ್ಟೆಯ ಮೇಲೆ ಗುರುತಿಲ್ಲದವರ ತಾಯಿ ಯಾವ ರೋಗಕ್ಕೆ ಸತ್ತಳೆಂದು ಅಂಜದೆ ಕೇಳುವ ನನ್ನ ಬಾಯಿಂದ, ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದವಳ ಹೆಸರೇನು ಎಂಬ ಮಾತು ಹೊರಡಲಿಲ್ಲ. ಹೊತ್ತು ಮುಳುಗುವ ಮೊದಲು ಮನೆಗೆ ಬಂದೆ. ಅವಳು ಹೊಸ್ತಿಲಲ್ಲಿ ನಿಂತು, ಕೇಳಿದಿರಾ ಎಂದಳು. ಕೇಳಿದೆ, ಅಲ್ಲಿಯೂ ಯಾರಿಗೂ ನೆನಪಿಲ್ಲವಂತೆ ಎಂದುಬಿಟ್ಟೆ. ಬೈಯುತ್ತಾಳೆ, ಸುಳ್ಳನ್ನು ಹಿಡಿಯುತ್ತಾಳೆ, ಕಡೆಗೆ ಸಿಟ್ಟಿನಲ್ಲಾದರೂ ಹೆಸರು ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಮುಖ ನೋಡಿ, ಇರಬಹುದು ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು. ಇಷ್ಟು ವರ್ಷದ ಏಜೆಂಟ್ ಕೆಲಸದಲ್ಲಿ ನಾನು ಹೇಳಿದ್ದನ್ನು ಒಂದೇ ಮಾತಿಗೆ ನಂಬಿದವರು ಯಾರೂ ಇರಲಿಲ್ಲ. ಅವಳು ನಂಬಿದಳು.